ಮಾನ್ಯ ಸಾರಿಗೆ ಸಚಿವರೇ, ನಮ್ಮ ಫಿಯಟ್ ಕಾರನ್ನು ನಿಮ್ಮ ಕಂಪ್ಯೂಟರ್‌ಗೆ ಸೇರಿಸಿ

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರಗಳು.

ನಮ್ಮ ಮನೆಯಲ್ಲಿ 1986ರ ಒಂದು ಪ್ರೀಮಿಯರ್ ಪದ್ಮಿನಿ ಕಾರಿದೆ. ನಾವೆಲ್ಲ ಕರೆಯುವುದು ಫಿಯಟ್ ಎಂದೇ. ಅಪ್ಪ ತೆಗೆದುಕೊಂಡಿದ್ದು. ಅಪ್ಪ ಈಗಿಲ್ಲ, ಕಾರಿದೆ. ಎಂಜಿನ್ ಚೆನ್ನಾಗಿದೆ, ಬ್ರೇಕ್ ಚೆನ್ನಾಗಿದೆ, ತಳ ತುಕ್ಕು ಹಿಡಿದಿಲ್ಲ. ಚಳಿಗಾಲದ ಬೆಳಿಗ್ಗೆಯೂ ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ. ಆದರೆ 2021ರಿಂದ ಅದು ರಸ್ತೆಗೆ ಇಳಿಯುವ ಹಾಗಿಲ್ಲ. ಯಾಕೆಂದರೆ ನಿಮ್ಮ ಇಲಾಖೆಯ ಕಂಪ್ಯೂಟರ್‌ನಲ್ಲಿ ಅದರ ನಂಬರ್ ಇಲ್ಲ.

ಇಷ್ಟು ವರ್ಷ ಅರ್ಜಿ ಕೊಟ್ಟೆ, ಕಾದೆ, ಮತ್ತೆ ಕೊಟ್ಟೆ. ಸಾಕಾಗಿದೆ. ಅದಕ್ಕೇ ಎಲ್ಲರೆದುರು ಈ ಪತ್ರ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ: ನಮ್ಮ ಕಾರಿನ ದಾಖಲೆಯನ್ನು ಕಂಪ್ಯೂಟರ್‌ಗೆ ಸೇರಿಸಿ, ಕಾರನ್ನು ನೋಡಿ, ನೋಂದಣಿ ನವೀಕರಿಸಿ.

ಕಾನೂನು ನಿಮಗೆ ಗೊತ್ತಿರುವುದೇ. ಖಾಸಗಿ ಕಾರಿಗೆ ಮೊದಲು 15 ವರ್ಷ, ಆಮೇಲೆ ಗಾಡಿ ಸರಿಯಿದ್ದರೆ ಐದೈದು ವರ್ಷ. ಅಪ್ಪ 2001ರಲ್ಲಿ, 2006ರಲ್ಲಿ, 2011ರಲ್ಲಿ ನವೀಕರಣ ಮಾಡಿಸಿದರು. 2016ರಲ್ಲಿ ನಾನು ಮಾಡಿಸಿದೆ. ಆರ್‌ಸಿ ಪುಸ್ತಕದಲ್ಲಿ ಪ್ರತಿ ಸಲದ ಸೀಲು, ಸಹಿ ಇದೆ. ಹಾಕಿದ್ದು ನಿಮ್ಮ ಇಲಾಖೆಯೇ. 2021ರಲ್ಲಿ ಅವಧಿ ಮುಗಿಯುವ ಮೊದಲೇ ಹೋದೆ. ಅಷ್ಟರಲ್ಲಿ ಗಾಡಿಗಳ ದಾಖಲೆಯೆಲ್ಲ ವಾಹನ್ ಎಂಬ ಸರ್ಕಾರಿ ತಂತ್ರಾಂಶಕ್ಕೆ ಹೋಗಿತ್ತು. ಹಳೆಯ ಮೂರಕ್ಷರದ ನಂಬರ್ ಹೊಡೆದರೆ ಏನೂ ಬರಲಿಲ್ಲ.

"ಈ ಗಾಡಿ ಇಲ್ಲ ಸಾರ್" ಎಂದರು ಕೌಂಟರ್‌ನಲ್ಲಿ.

ಕಿಟಕಿಯ ಹೊರಗೆ ಕಾರು ನಿಂತಿತ್ತು. ತೋರಿಸಿದೆ. ಪುಸ್ತಕವನ್ನೂ ಮುಂದಿಟ್ಟೆ. "ಸಿಸ್ಟಮ್‌ನಲ್ಲಿ ಇಲ್ಲ ಅಂದ್ರೆ ಇಲ್ಲ" ಎಂದರು.

ಬ್ಯಾಕ್‌ಲಾಗ್ ಎಂಟ್ರಿ ಅಂತ ಒಂದು ದಾರಿ ಇದೆ, ಅದೂ ನಿಮಗೆ ಗೊತ್ತು. ಹಳೆಯ ರಿಜಿಸ್ಟರ್ ನೋಡಿ ವಿವರ ತುಂಬಿಸುವುದು. ಅದಕ್ಕೆ ಅರ್ಜಿ ಕೊಟ್ಟೆ. ಮೊದಲು ನೋಂದಣಿಯಾದ ಕಚೇರಿಗೆ ಹೋಗಿ ಎಂದರು. ಹೋದೆ. ಆ ವರ್ಷದ ರಿಜಿಸ್ಟರ್‌ಗೆ ಗೆದ್ದಲು ಹಿಡಿದಿದೆ ಎಂದರು. ಕಳವಾದ ಗಾಡಿ ಅಲ್ಲ ಅಂತ ಪೊಲೀಸ್ ಸ್ಟೇಷನ್‌ನಿಂದ ಬರೆಸಿ ತನ್ನಿ ಎಂದರು. ಅಪ್ಪನ ಕಾರು ಕಳವಿನದ್ದಲ್ಲ ಅಂತ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಸಿಕೊಂಡು ಬಂದೆ. ಅಷ್ಟರಲ್ಲಿ ಅಧಿಕಾರಿಗೆ ವರ್ಗ ಆಗಿತ್ತು. ಫೈಲು ಸಿಗಲಿಲ್ಲ. ಮತ್ತೆ ಮೊದಲಿಂದ.

ಒಂದು ದಿನದ್ದನ್ನು ಮಾತ್ರ ಬಿಡಿಸಿ ಹೇಳಬೇಕು. ಎಂಜಿನ್ ನಂಬರ್, ಚಾಸಿ ನಂಬರ್ ನೋಡಬೇಕು, ಗಾಡಿಯನ್ನೇ ತನ್ನಿ ಎಂದು ಫೋನ್ ಮಾಡಿ ಕರೆದರು. ಅಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ತಾನೂ ಬರುತ್ತೇನೆಂದು ಹಟ ಹಿಡಿದರು. ವಯಸ್ಸಾಗಿದೆ, ಮಂಡಿ ನೋವಿದೆ, ಆದರೂ ಒಳ್ಳೆ ಸೀರೆ ಉಟ್ಟು ಕೂತರು. ಅಲ್ಲಿ ಹೋದರೆ ನಮ್ಮನ್ನು ಕರೆದವರು ರಜೆ. ಇನ್ನೊಬ್ಬರು ಹೊರಗೆ ಬಂದು ನಂಬರ್ ನೋಡಿದರು. "ಇದರ ನೋಂದಣಿ ಮುಗಿದಿದೆ, ಇನ್ಶೂರೆನ್ಸ್ ಇಲ್ಲ, ರಸ್ತೆ ಮೇಲೆ ಹೇಗೆ ತಂದ್ರಿ? ಸೀಜ್ ಮಾಡಬೇಕಾಗುತ್ತೆ" ಎಂದರು. ಕರೆದಿದ್ದು ನೀವೇ ಎಂದೆ. ಬರವಣಿಗೆಯಲ್ಲಿ ಏನಿದೆ ತೋರಿಸಿ ಎಂದರು. ಅಮ್ಮ ಹಿಂದಿನ ಸೀಟಿನಲ್ಲಿ ಕೂತೇ ಎಲ್ಲ ಕೇಳಿಸಿಕೊಂಡರು. ಕೊನೆಗೆ ಟೋ ಮಾಡಿಸಿಕೊಂಡು ಮನೆಗೆ ತಂದೆ. ಬಿಸಿಲಲ್ಲಿ ಅಮ್ಮ ಆಟೋಗೆ ಕಾದರು. ಸಚಿವರೇ, ನಿಮ್ಮ ತಾಯಿಗೆ ಯಾರಾದರೂ ಹೀಗೆ ಮಾಡಿದರೆ ಸುಮ್ನೆ ಇರುತ್ತೀರಾ?

ಅಲ್ಲಿದ್ದ ಒಬ್ಬರು "ಗುಜರಿಗೆ ಹಾಕಿ ಸಾರ್, ಹೊಸ ಕಾರಿಗೆ ರಿಯಾಯಿತಿ ಸಿಗುತ್ತೆ" ಎಂದು ಸಲಹೆ ಕೊಟ್ಟರು. ಸರ್ಕಾರ ಒಪ್ಪಿದ ಗುಜರಿ ಕೇಂದ್ರಕ್ಕೆ ಕೊಡಬೇಕಾದರೂ ಅದೇ ಕಂಪ್ಯೂಟರ್‌ನಲ್ಲಿ ನಂಬರ್ ಇರಬೇಕು. ಎಮಿಷನ್ ಟೆಸ್ಟ್‌ಗೆ ಹೋದರೂ ಅದೇ. ಹೆಚ್‌ಎಸ್‌ಆರ್‌ಪಿ ಎನ್ನುವ ಹೊಸ ನಂಬರ್ ಪ್ಲೇಟಿಗೂ ಅದೇ. ಬಾಗಿಲೆಲ್ಲ ನೀವೇ ಮುಚ್ಚಿದ್ದೀರಿ.

ಈ ಕಾರು ನಮಗೆ ಏನು ಅಂತ ಆ ಕೌಂಟರ್‌ನಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಆಗೆಲ್ಲ ಕಾರು ಬೇಕೆಂದರೆ ದುಡ್ಡು ಕಟ್ಟಿ ಕಾಯಬೇಕಿತ್ತು. ನಮ್ಮ ಕಾರು ಬಂದ ದಿನ ಓಣಿಯವರೆಲ್ಲ ನೋಡಲು ಬಂದರು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್, ಮುಂದೆ ಬೆಂಚಿನ ಹಾಗೆ ಒಂದೇ ಉದ್ದನೆಯ ಸೀಟು. ಅಪ್ಪ, ಅಮ್ಮ, ನಡುವೆ ನಾನು. ಹಿಂದೆ ಅಜ್ಜಿ, ಅತ್ತೆ, ಅತ್ತೆಯ ಮಕ್ಕಳು, ಬುತ್ತಿ ಬುಟ್ಟಿ.

ಮಾರ್ಚ್‌, ಏಪ್ರಿಲ್‌ನಲ್ಲಿ ಒಂದು ಹೂಮಳೆ ಬಿದ್ದು ವಾರ ಕಳೆದರೆ ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗುತ್ತದೆ. ಆ ದಿನಗಳಲ್ಲಿ ಅಪ್ಪ ಬೇಕೆಂದೇ ಮೂಡಿಗೆರೆ ದಾರಿ ಹಿಡಿಯುತ್ತಿದ್ದರು. ಗಾಜು ಇಳಿಸಿ, ನಿಧಾನಕ್ಕೆ. ಸಿಲ್ವರ್ ಓಕ್ ಮರಗಳ ನಡುವೆ ಹೂವಿನ ವಾಸನೆ ಕಾರಿನೊಳಗೇ ಬಂದು ಕೂರುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ. ಆಮೇಲೆ ಚಾರ್ಮಾಡಿ ಘಾಟಿ. ಇಳಿಯುವಾಗ ತೊಂದರೆ ಇರಲಿಲ್ಲ. ಧರ್ಮಸ್ಥಳದಿಂದ ವಾಪಸ್ ಹತ್ತುವಾಗ ಎಂಜಿನ್ ಕಾದು, ಎಂಜಿನ್‌ಗೆ ಪೆಟ್ರೋಲ್ ಎಳೆದು ಕೊಡುವ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ, ಕಾರು ನಿಂತುಬಿಡುತ್ತಿತ್ತು. ಅಪ್ಪ ಬಾನೆಟ್ ಎತ್ತಿ, ಝರಿಯ ನೀರಲ್ಲಿ ಬಟ್ಟೆ ಅದ್ದಿ ಪಂಪಿನ ಮೇಲೆ ಹಾಕುತ್ತಿದ್ದರು. ಅದು ತಣ್ಣಗಾಗುವ ತನಕ ನಾವು ಮಂಜು ನೋಡುತ್ತಾ ರಸ್ತೆ ಬದಿಯ ಕಟ್ಟೆ ಮೇಲೆ ಕೂರುತ್ತಿದ್ದೆವು. ಈಗಿನ ಕಾರುಗಳಲ್ಲಿ ಆ ಘಾಟಿಯನ್ನು ಎಷ್ಟೋ ಸಲ ದಾಟಿದ್ದೇನೆ. ಹಾಗೆ ಕೂತು ನೋಡಿದ್ದು ಆ ಫಿಯಟ್‌ನಿಂದಾಗಿ ಮಾತ್ರ.

ಕಳಸದಿಂದ ಕುದುರೆಮುಖ ದಾಟಿ ಕಾರ್ಕಳದ ಕಡೆ ಹೋಗುವ ರಸ್ತೆಯೂ ಹಾಗೇ. ಒಂದು ಕಡೆ ಹುಲ್ಲುಗುಡ್ಡ, ಕಣಿವೆಯಲ್ಲಿ ಶೋಲಾ ಕಾಡು. 2005ರ ಕೊನೆಗೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನಿಂತಿತು, ಪಟ್ಟಣ ಖಾಲಿಯಾಯಿತು. ಅದು ತುಂಬಿ ತುಳುಕುತ್ತಿದ್ದಾಗಲೂ, ಖಾಲಿಯಾದ ಮೇಲೂ ನಾವು ಅದೇ ಕಾರಿನಲ್ಲಿ ಹೋಗಿದ್ದೇವೆ.

ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಕಾರನ್ನು ಲಾಂಚ್‌ಗೆ ಹತ್ತಿಸಬೇಕಿತ್ತು. ಅಮ್ಮನಿಗೆ ಪ್ರತಿ ಸಲ ಭಯ. ಶರಾವತಿ ಹಿನ್ನೀರು ದಾಟುವ ತನಕ ಕಣ್ಣು ಮುಚ್ಚಿ ಚೌಡೇಶ್ವರಿಯ ಹೆಸರು ಹೇಳುತ್ತಿದ್ದರು. 2025ರ ಜುಲೈನಲ್ಲಿ ಅಲ್ಲಿ 2.44 ಕಿಲೋಮೀಟರ್ ಸೇತುವೆ ಶುರುವಾಯಿತು. ಅದರ ಮೇಲೆ ನಮ್ಮ ಫಿಯಟ್‌ನಲ್ಲೇ ಹೋಗಬೇಕು ಅನ್ನುವುದು ಅಮ್ಮನ ಆಸೆ. ಬೇರೆ ಕಾರಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರೆ ಒಪ್ಪುತ್ತಿಲ್ಲ. ದೊಡ್ಡ ಆಸೆಯಲ್ಲ ಅಲ್ವಾ? ನಿಮ್ಮ ಕಚೇರಿಯಲ್ಲಿ ಒಬ್ಬರು ಕೂತು ನಾಲ್ಕು ವಿವರ ತುಂಬಿಸಿದರೆ ಮುಗಿಯುತ್ತದೆ. ಸೇರಿಸಿ ಸ್ವಾಮಿ, ನಮ್ಮ ಕಾರನ್ನು ಕಂಪ್ಯೂಟರ್‌ಗೆ ಸೇರಿಸಿ.

ಇನ್ನು ದುಡ್ಡಿನ ವಿಷಯ. 2021ರಲ್ಲಿ ನಾನು ಬಂದಾಗ ಕಾರಿನ ನವೀಕರಣ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರಿಗೆ 10,000 ಮಾಡಿದರು. ಇದು ಕೇಂದ್ರದ ನಿಯಮ, ಗೊತ್ತು. ಆದರೆ 600 ರೂಪಾಯಿಯ ಕಾಲದಲ್ಲಿ ಅರ್ಜಿ ಹಿಡಿದು ನಿಂತವನನ್ನು ವಾಪಸ್ ಕಳಿಸಿದ್ದು ಇಲ್ಲಿಯ ಕಚೇರಿ. ತಡವಾದರೆ ತಿಂಗಳಿಗೆ 500 ರೂಪಾಯಿ ಅಂತ ಬೇರೆ ಇದೆ. ತಡ ಮಾಡಿದ್ದು ಯಾರು? ಆ ದುಡ್ಡನ್ನು ನನ್ನ ಹತ್ತಿರ ಕೇಳುವುದು ನ್ಯಾಯವಾ?

50 ವರ್ಷ ದಾಟಿದರೆ ವಿಂಟೇಜ್ ಅಂತ ಬೇರೆ ನೋಂದಣಿ ಇದೆ. ಅದರ ನವೀಕರಣಕ್ಕೆ 5,000 ರೂಪಾಯಿ. ನಮ್ಮದು ಅಲ್ಲಿಗೆ ಮುಟ್ಟುವುದು 2036ಕ್ಕೆ. ಆ ನೋಂದಣಿ ಇದ್ದರೂ ಪ್ರದರ್ಶನಕ್ಕೆ, ರ‍್ಯಾಲಿಗೆ ಬಿಟ್ಟರೆ ದಿನಾ ಓಡಿಸುವ ಹಾಗಿಲ್ಲ. ನಮಗೆ ಪ್ರದರ್ಶನ ಬೇಡ. ಘಾಟಿ ಹತ್ತಿ ಇಳಿಯಬೇಕು, ಅಷ್ಟೇ.

ದೆಹಲಿಯಲ್ಲಿ ಹೊಗೆ ಜಾಸ್ತಿ, ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ನಿಷೇಧ ಬಂತು. ಆ ನಿಯಮ ಕರ್ನಾಟಕಕ್ಕಿಲ್ಲ. ಆದರೂ ನಿಮ್ಮ ಕಚೇರಿಯವರೇ "ಹದಿನೈದು ವರ್ಷ ಆದ್ಮೇಲೆ ಓಡಿಸೋ ಹಾಗಿಲ್ಲ" ಎಂದು ನನಗೆ ಹೇಳಿದ್ದಾರೆ. ಹೊಗೆ ಬರುತ್ತದಾ, ಬ್ರೇಕ್ ಹಿಡಿಯುತ್ತದಾ, ಪರೀಕ್ಷೆ ಮಾಡಿ. ಕೆಟ್ಟಿದ್ದರೆ ಬೇಡ ಎನ್ನಿ, ಒಪ್ಪಿಕೊಳ್ಳುತ್ತೇನೆ. ಬಾನೆಟ್ ಕೂಡ ಎತ್ತದೆ ಬೇಡ ಎನ್ನಬೇಡಿ.

ನಾನೊಬ್ಬನೇ ಅಲ್ಲ. ಮಲೆನಾಡಿನ ಶೆಡ್ಡುಗಳಲ್ಲಿ ಫಿಯಟ್, ಅಂಬಾಸಿಡರ್, ಮಹೀಂದ್ರ ಜೀಪುಗಳು ಹೀಗೇ ನಿಂತಿವೆ. ಪ್ರತಿ ಆರ್‌ಟಿಓ ಕಚೇರಿಯಲ್ಲಿ ತಿಂಗಳಿಗೊಂದು ದಿನ ಹಳೆಯ ಗಾಡಿಗಳ ದಾಖಲೆ ಸೇರಿಸಲು ಮೀಸಲಿಡಿ. ರಿಜಿಸ್ಟರ್ ಹಾಳಾಗಿದ್ದರೆ, ಮಾಲೀಕರ ಹತ್ತಿರ ಇರುವ ಆರ್‌ಸಿ ಪುಸ್ತಕವನ್ನೇ ದಾಖಲೆ ಎಂದು ಒಪ್ಪಿಕೊಳ್ಳಲು ಆದೇಶ ಮಾಡಿ. ಅವತ್ತು ಗಾಡಿ ತಂದವರನ್ನು ಸೀಜ್ ಮಾಡುತ್ತೇವೆಂದು ಹೆದರಿಸಬಾರದು, ಅದನ್ನೂ ಆದೇಶದಲ್ಲೇ ಬರೆಸಿ. ಇಲಾಖೆಯಿಂದ ತಡವಾಗಿದ್ದರೆ ವಿಳಂಬ ಶುಲ್ಕ ಬಿಡಿ. ಶುಲ್ಕ ಇಳಿಸಿ ಎಂದು ದೆಹಲಿಗೆ ಒಂದು ಪತ್ರ ಬರೆಯಿರಿ.

ಎಲ್ಲಕ್ಕಿಂತ ಮೊದಲು ನಮ್ಮ ಕಾರನ್ನು ಕಂಪ್ಯೂಟರ್‌ಗೆ ಸೇರಿಸಿ. ಯಾವ ದಿನ ಬರಬೇಕು, ಬರವಣಿಗೆಯಲ್ಲಿ ತಿಳಿಸಿ. ಪುಸ್ತಕ, ಪೊಲೀಸ್ ಪತ್ರ, ಕಾರು ಮೂರನ್ನೂ ತರುವ ಜವಾಬ್ದಾರಿ ನನ್ನದು. ಅವತ್ತೇ ಕೆಲಸ ಮುಗಿಸಿ ಕಳಿಸುವ ಜವಾಬ್ದಾರಿ ನಿಮ್ಮದು.

ಇಂತಿ,
ಮಲೆನಾಡಿನ ಒಬ್ಬ ಫಿಯಟ್ ಕಾರು ಮಾಲೀಕ