ಫ್ರೆಡರಿಕಾಳನ್ನು ಒಂದೇ ಸಾಲಿನಲ್ಲಿ ಮುಗಿಸಬೇಡ

ಪ್ರೀತಿಯ ತಮ್ಮ,

ಬರ್ಲಿನ್‌ಗೆ ವಿಮಾನದಲ್ಲಿ ಸಾಮಾನು ಸಾಗಿಸಿದ ಕಾಲದ ‘ದಿ ಬಿಗ್ ಲಿಫ್ಟ್’ ಸಿನಿಮಾ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ನಾಯಕ ನಟ ಮಾಂಟ್ಗೊಮರಿ ಕ್ಲಿಫ್ಟ್ ಬಗ್ಗೆ ಬರೆದದ್ದು ಚೆನ್ನಾಗಿದೆ, ಅದನ್ನು ಮುಟ್ಟಬೇಡ. ಆದರೆ ಅದರಲ್ಲಿ ಬರುವ ಬರ್ಲಿನ್‌ನ ಹೆಂಗಸು ಫ್ರೆಡರಿಕಾಳನ್ನು ‘ಮೋಸಗಾತಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯಲ್ಲ, ನನ್ನ ತಕರಾರು ಅಲ್ಲಿದೆ.

ಅವಳು ಸುಳ್ಳು ಹೇಳಿದ್ದು ನಿಜ. ಕ್ಲಿಫ್ಟ್ ಮಾಡಿದ ಅಮೆರಿಕದ ಸೈನಿಕ ಡ್ಯಾನಿಯನ್ನು ಮದುವೆಯಾಗಿ ಅಮೆರಿಕಕ್ಕೆ ಹೋಗಬೇಕು, ಆಮೇಲೆ ಅಲ್ಲಿರುವ ತನ್ನವನನ್ನು ಸೇರಿಕೊಳ್ಳಬೇಕು ಅನ್ನುವುದು ಅವಳ ಲೆಕ್ಕ. ಸಿನಿಮಾ ಅವಳನ್ನು ಕ್ಷಮಿಸುವುದಿಲ್ಲ. 1950ರಲ್ಲಿ ಅಮೆರಿಕದವರು ಮಾಡಿದ ಸಿನಿಮಾ, ಅವರ ಕಣ್ಣಿಗೆ ಅವಳು ಹಾಗೆ ಕಂಡಳು. ನೀನೂ ಅದೇ ಕಣ್ಣಲ್ಲಿ ಯಾಕೆ ನೋಡಬೇಕು?

ಮೊದಲು ಅವಳ ಊರಿನ ಬಗ್ಗೆ ಬರಿ. 1948ರ ಜೂನ್ 24ರಂದು ಸೋವಿಯತ್ ಕಡೆಯವರು, ಅಮೆರಿಕ, ಬ್ರಿಟನ್, ಫ್ರಾನ್ಸ್ ಕೈಯಲ್ಲಿದ್ದ ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು, ಕಾಲುವೆ ಎಲ್ಲಾ ಬಂದ್ ಮಾಡಿದರು. ಒಳಗೆ 20 ಲಕ್ಷಕ್ಕೂ ಜಾಸ್ತಿ ಜನ. ಹಿಟ್ಟು, ಹಾಲಿನ ಪುಡಿ, ಒಣಗಿಸಿದ ಆಲೂಗಡ್ಡೆ ಎಲ್ಲಾ ವಿಮಾನದಲ್ಲೇ ಬರಬೇಕು. ಅಷ್ಟಾದರೂ ಬಂದ ಸಾಮಾನಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಲ್ಲಿದ್ದಲು, ಯಾಕೆಂದರೆ ಅದಿಲ್ಲದಿದ್ದರೆ ಕರೆಂಟೂ ಇಲ್ಲ, ಚಳಿಗಾಲ ಕಳೆಯುವ ದಾರಿಯೂ ಇಲ್ಲ. ಮನೆಗಳಿಗೆ ಕರೆಂಟ್ ದಿನಕ್ಕೆ ಕೆಲವೇ ಗಂಟೆ. ಅದು ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು ಅಡುಗೆ ಮಾಡಬೇಕು. ಇಂಥ ಊರಲ್ಲಿ ಒಬ್ಬ ಹೆಂಗಸು ಸೈನಿಕನ ಕೈ ಹಿಡಿದರೆ ಅದರಲ್ಲಿ ಪ್ರೀತಿ ಎಷ್ಟು, ಚಳಿ ಎಷ್ಟು, ಭಯ ಎಷ್ಟು ಅಂತ ಬಿಡಿಸಿ ಹೇಳಲು ಅವಳಿಗಾದರೂ ಆಗುತ್ತಿತ್ತಾ? ನಿನ್ನ ಲೇಖನ ಇದನ್ನು ಕೇಳಬೇಕು. ಅವಳನ್ನು ಸಮರ್ಥಿಸು ಅಂತ ನಾನು ಹೇಳುತ್ತಿಲ್ಲ. ನಾಜಿಗಳ ಕಾಲದಲ್ಲಿ ತನ್ನ ಮನೆಯವರು ಯಾವ ಕಡೆ ಇದ್ದರು ಅನ್ನುವುದನ್ನು ಮುಚ್ಚಿಟ್ಟದ್ದು ಸಣ್ಣ ವಿಷಯವಲ್ಲ. ಅದನ್ನೂ ಬರಿ, ಆ ಚಳಿಯನ್ನೂ ಬರಿ.

ಸೈನಿಕರ ‘ನಟನೆ ಸಪ್ಪೆ’ ಅಂದಿದ್ದೀಯ. ನಿರ್ದೇಶಕ ಜಾರ್ಜ್ ಸೀಟನ್ ಇದನ್ನು 1949ರಲ್ಲಿ ಬರ್ಲಿನ್‌ನಲ್ಲೇ ಶೂಟ್ ಮಾಡಿದ್ದು, ಆ ಇಟ್ಟಿಗೆ ರಾಶಿಗಳೆಲ್ಲ ಯುದ್ಧ ಬಿಟ್ಟುಹೋದವು. ಕ್ಲಿಫ್ಟ್ ಮತ್ತು ಪಾಲ್ ಡಗ್ಲಸ್ ಬಿಟ್ಟರೆ ಅಮೆರಿಕದ ಸೈನಿಕರ ಪಾತ್ರ ಮಾಡಿದವರು ನಿಜವಾದ ಸೈನಿಕರೇ. ಬರ್ಲಿನ್‌ನ ಟೆಂಪಲ್‌ಹೋಫ್ ವಿಮಾನ ನಿಲ್ದಾಣದಲ್ಲಿ ರೇಡಾರ್ ನೋಡುತ್ತಾ, ಮನೆಗಳ ತಲೆ ಮೇಲಿಂದ ಬರುವ ವಿಮಾನವನ್ನು ಬರೀ ಮಾತಿನಲ್ಲಿ ಕೆಳಗಿಳಿಸುವ ದೃಶ್ಯ ಇದೆಯಲ್ಲ, ಅದನ್ನು ಮತ್ತೆ ನೋಡು. ದನಿಯಲ್ಲಿ ಏರಿಳಿತವೇ ಇಲ್ಲ. 1949ರ ಏಪ್ರಿಲ್‌ನಲ್ಲಿ ಒಂದೇ ದಿನದಲ್ಲಿ 1,398 ಸಲ ವಿಮಾನಗಳು ಬಂದು ಸಾಮಾನು ಇಳಿಸಿದವು. ಅಂಥ ಕೆಲಸದಲ್ಲಿ ಇರುವವನು ದನಿ ಏರಿಸಿದರೆ ಕೇಳುವ ಪೈಲಟ್ ಗಾಬರಿಯಾಗುತ್ತಾನೆ. ನನಗಂತೂ ಸಿನಿಮಾದ ಜೀವ ಅಲ್ಲೇ ಇದೆ ಅನಿಸುತ್ತದೆ, ಪ್ರೇಮದ ದೃಶ್ಯಗಳಿಗಿಂತ ಜಾಸ್ತಿ.

ಸಿನಿಮಾದ ಇನ್ನೊಬ್ಬ ಜರ್ಮನ್ ಹುಡುಗಿ ಗೆರ್ಡಾ ಬಗ್ಗೆ ನೀನು ಏನೂ ಬರೆದೇ ಇಲ್ಲ! ಡಗ್ಲಸ್ ಮಾಡಿದ ಸೈನಿಕ ಹ್ಯಾಂಕ್ ಗದರುತ್ತಲೇ ಇದ್ದರೂ ಅವಳು ಪ್ರಜಾಪ್ರಭುತ್ವ ಅಂದರೆ ಏನು ಅಂತ ಅವನನ್ನೇ ಕೇಳಿ ಕೇಳಿ, ಕೊನೆಗೆ ಅವನಿಗೇ ಎದುರು ನಿಲ್ಲುತ್ತಾಳೆ, ತನ್ನ ದೇಶದಲ್ಲೇ ಉಳಿಯುತ್ತೇನೆ ಅನ್ನುತ್ತಾಳೆ. ಒಬ್ಬಳಿಗೆ ಹೋಗಬೇಕು, ಇನ್ನೊಬ್ಬಳಿಗೆ ಇರಬೇಕು, ಇಬ್ಬರೂ ಅದೇ ಹಸಿವು ಕಂಡವರು. ಸಿನಿಮಾ ಅವರನ್ನು ಒಳ್ಳೆಯವಳು, ಕೆಟ್ಟವಳು ಅಂತ ಬೇರೆ ಮಾಡಿದೆ. ನೀನು ಇಬ್ಬರನ್ನೂ ಒಂದೇ ಪ್ಯಾರಾದಲ್ಲಿ ತಂದು ನೋಡು, ಏನಾಗುತ್ತದೆ ಅಂತ.

ಈಗಲೇ ಪತ್ರಿಕೆಗೆ ಕಳಿಸಬೇಡ. ತಿದ್ದಿದ ಮೇಲೆ ಮೊದಲು ನನಗೆ ಕಳಿಸು.

ನಿನ್ನ,
ಅಕ್ಕ