ನಿನ್ನ ಕ್ಯಾಸೆಟ್ಟು ಇನ್ನೂ ನನ್ನಲ್ಲಿದೆ

ಪ್ರಿಯ ಮಾಧವ,

ನಿನ್ನ ಮೊಬೈಲಿಗೆ ನೇರವಾಗಿ ಕಳುಹಿಸಬಹುದಾಗಿದ್ದ ಮಾತನ್ನು ಹೀಗೆ ಊರವರೆಲ್ಲ ಓದುವಲ್ಲಿ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಿನಗೊಬ್ಬನಿಗೇ ಎಂದು ಬರೆದರೆ ನಾನು ಅದನ್ನು ಕಳುಹಿಸುವುದಿಲ್ಲ. ಮೂರನೇ ಚಪ್ಪಲಿಯ ಪ್ರಕರಣದಲ್ಲಿ ಆದದ್ದು ನಿನಗೆ ನೆನಪಿರಬಹುದು. ನಾಲ್ಕು ಜನ ನೋಡುತ್ತಿದ್ದರೆ ನಾನು ತುಸು ಪ್ರಾಮಾಣಿಕನಾಗುತ್ತೇನೆ, ತುಸು ಚೆನ್ನಾಗಿಯೂ ಬರೆಯುತ್ತೇನೆ. ಇವೆರಡರಲ್ಲಿ ಯಾವುದರ ಆಸೆಗೆ ಇಲ್ಲಿ ಕುಳಿತಿದ್ದೇನೆ ಎಂಬುದನ್ನು ನೀನೇ ತೀರ್ಮಾನಿಸು.

ಕಳೆದ ತಿಂಗಳು ಮಂಗಳೂರಿನಲ್ಲಿ, ಕದ್ರಿಯ ಹತ್ತಿರದ ಒಂದು ಸಣ್ಣ ಸಭಾಂಗಣದಲ್ಲಿ, ನಮ್ಮ ಕಡೆಯ ನಾಲ್ವರು ವಾದ್ಯದವರನ್ನು ಕೂರಿಸಿ, ನಿಮ್ಮ ಸಂಗೀತವನ್ನು ತಿದ್ದಿ ತೀಡಿದ ಒಂದು ಆಲ್ಬಂ ಯಾವುದು ಎಂದು ಕೇಳಿದರು. ಮದ್ದಲೆಗಾರರು ಒಂದು ಕ್ಷಣವೂ ಯೋಚಿಸದೆ ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಕ್ಯಾಸೆಟ್ಟುಗಳನ್ನು ಹೆಸರಿಸಿದರು. 1990ರಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ತಾನಿನ್ನೂ ಹುಡುಗ, ಸಾಲಿಗ್ರಾಮ ಮೇಳದ ಆಟದಲ್ಲಿ ಅವರ ಪದವನ್ನು ಎದುರು ಕುಳಿತು ಕೇಳುವ ಭಾಗ್ಯ ಒಂದೇ ಸಲ ಸಿಕ್ಕಿತ್ತು, ಉಳಿದದ್ದನ್ನೆಲ್ಲ ಆ ಕ್ಯಾಸೆಟ್ಟುಗಳ ಎದುರು ತೊಡೆ ಬಡಿದುಕೊಂಡು ಕಲಿತೆ ಎಂದರು. ಸ್ಯಾಕ್ಸೊಫೋನಿನ ಹುಡುಗ ‘ಕಿನ್ಸ್‌ಮೆನ್’ ಎಂದ. 2008ರಲ್ಲಿ ನಮ್ಮ ಕದ್ರಿ ಗೋಪಾಲನಾಥರೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪನವರೂ ಜೊತೆಯಾಗಿ ಮಾಡಿದ ಆಲ್ಬಂ ಅದು, ಪಿಟೀಲಿನಲ್ಲಿ ವಿದುಷಿ ಎ. ಕನ್ಯಾಕುಮಾರಿ ಇದ್ದಾರೆ. ಜಾಝ್ ಓದುತ್ತಿದ್ದ ರುದ್ರೇಶರಿಗೆ ಅವರ ಅಣ್ಣ ಗೋಪಾಲನಾಥರ ಆಲ್ಬಮ್ಮೊಂದನ್ನು ಕೊಟ್ಟದ್ದು ಬರಿಯ ತಮಾಷೆಗಂತೆ. ಬಂಟ್ವಾಳದ ಸಜೀಪದಲ್ಲಿ ನಾಗಸ್ವರದವರ ಮಗನಾಗಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ವಾದ್ಯಕ್ಕೆ ಮನಸೋತು, ಅದರಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ಹೆಣಗಿದವರ ಕೆಲಸ ಹೀಗೆ ನಗೆಚಾಟಿಕೆಯ ಉಡುಗೊರೆಯಾಗಿ ಕಡಲು ದಾಟಿ, ಅಲ್ಲಿ ಒಬ್ಬನ ದಾರಿಯನ್ನೇ ಬದಲಿಸಿತು ಎಂದು ಆ ಹುಡುಗ ಹೇಳಿದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು. ಬಿಜೈಯ ಗಿಟಾರಿಸ್ಟ್ ‘ಶಕ್ತಿ’ ತಂಡದ ಮೊದಲ ಆಲ್ಬಂ ಎಂದರು. 1975ರಲ್ಲಿ ಅಮೆರಿಕದ ಒಂದು ಕಾಲೇಜಿನ ಕಛೇರಿಯಲ್ಲಿ ಮುದ್ರಿಸಿಕೊಂಡದ್ದು. ಆ ಕಾಲದಲ್ಲಿ ತಂಡದ ಗಿಟಾರಿಸ್ಟ್ ಜಾನ್ ಮೆಕ್‌ಲಾಕ್ಲಿನ್ ಫ್ರೆಟ್ಟುಗಳ, ಎಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳ, ನಡುವಿನ ಮರವನ್ನು ತಗ್ಗಾಗಿ ಕೊರೆದ ಗಿಟಾರ್ ನುಡಿಸುತ್ತಿದ್ದರು. ತಂತಿಯನ್ನು ವೀಣೆಯ ಹಾಗೆ ಒತ್ತಿ ಎಳೆಯಲು ಅದರಿಂದ ಸಲೀಸು. ಇದನ್ನು ಎಲ್ಲೋ ಓದಿದ ನಮ್ಮವರು ಹದಿನೇಳನೆಯ ವಯಸ್ಸಿನಲ್ಲಿ ತಂದೆಯ ಗಿಟಾರಿನ ಕುತ್ತಿಗೆಯನ್ನು ಅರದಿಂದ ಉಜ್ಜಿ, ಗಿಟಾರೂ ಹಾಳಾಗಿ, ಮೂರು ದಿನ ಅಜ್ಜಿಯ ಮನೆಯಲ್ಲಿ ತಲೆಮರೆಸಿಕೊಂಡಿದ್ದರಂತೆ. ನನಗೆ ತುಂಬ ಹಿಡಿಸಿದ್ದು ಆ ಅರದ ಕತೆ. ಪ್ರಭಾವ ಎಂದರೆ ಅಷ್ಟರ ಮಟ್ಟಿಗೆ ಏನಾದರೂ ಹಾಳಾಗಿರಬೇಕು.

ನನ್ನ ಸರದಿ ಬಂದಾಗ ನಾನು ‘ಕಾಲ್ ಆಫ್ ದಿ ವ್ಯಾಲಿ’ ಎಂದೆ. ನೀನು ಈಗ ನಗುತ್ತಿರಬೇಕು. 1967ರಲ್ಲಿ ಎಚ್‌ಎಂವಿ ಹೊರತಂದ ಆಲ್ಬಂ, ಕಾಶ್ಮೀರದ ಕುರುಬನೊಬ್ಬನ ಒಂದು ದಿನದ ಕತೆ, ಬೆಳಗಿನ ಅಹೀರ್ ಭೈರವ ರಾಗದಿಂದ ಹೊರಟು ಪೀಲೂ, ಭೂಪ, ದೇಸ್ ದಾಟಿ ಪಹಾಡಿಯಲ್ಲಿ ಮುಗಿಯುತ್ತದೆ ಎಂದು ಗಂಭೀರವಾಗಿ ವಿವರಿಸಿದೆ. ಶಿವಕುಮಾರ ಶರ್ಮರ ಸಂತೂರ್, ಬ್ರಿಜಭೂಷಣ ಕಾಬ್ರಾರ ಗಿಟಾರ್, ಹರಿಪ್ರಸಾದ ಚೌರಾಸಿಯಾರ ಬಾನ್ಸುರಿ. ಮೂವರೂ ಆಗ ಮೂವತ್ತರ ಆಸುಪಾಸಿನವರು, ಸಂತೂರನ್ನೂ ಗಿಟಾರನ್ನೂ ರಾಗಕ್ಕೆ ಒಗ್ಗುವ ವಾದ್ಯಗಳೆಂದು ಪಂಡಿತರು ಇನ್ನೂ ಪೂರ್ತಿ ಒಪ್ಪಿರಲಿಲ್ಲ ಎಂದೆಲ್ಲ ಹೇಳಿದೆ. ಎಂಟು ರಂಧ್ರದ ಕರ್ನಾಟಕಿ ಕೊಳಲನ್ನು ಕೆಳಗಿಟ್ಟು ಆರು ರಂಧ್ರದ ಬಾನ್ಸುರಿ ಹಿಡಿದದ್ದಕ್ಕೆ ಇದೇ ಕಾರಣ, ಮೇಷ್ಟ್ರು ಆರು ತಿಂಗಳು ಮಾತು ಬಿಟ್ಟದ್ದಕ್ಕೂ ಇದೇ ಕಾರಣ ಎಂದೆ. ಆಗ ಹಿಂದಿನ ಸಾಲಿನ ಒಬ್ಬ ಮಹಿಳೆ ಎದ್ದು ನಿಂತು, ನಿಮ್ಮ ಆಲ್ಬಮ್ಮಿನ ಮೂರನೆಯ ರಚನೆಯಲ್ಲಿ, ಪಹಾಡಿಯ ಛಾಯೆಯ ನಡುವೆ, ಪಂಚಮದ ಪಕ್ಕದಲ್ಲಿ ಒಂದು ಕೋಮಲ ಧೈವತ, ಅರ್ಧ ಸ್ವರ ಇಳಿಸಿದ ಧೈವತ, ಬಂದು ಹೋಗುತ್ತದಲ್ಲ, ಅದು ನಿಮಗೆ ಎಲ್ಲಿಂದ ಹೊಳೆಯಿತು ಎಂದು ಕೇಳಿದರು. ಹರಿಪ್ರಸಾದರನ್ನು ಕೇಳಿ ಕೇಳಿ ಬಂದ ಸಂಸ್ಕಾರ ಎಂದೆ. ಆ ಉತ್ತರ ಎಷ್ಟು ಸರಾಗವಾಗಿ ಬಂತೆಂದರೆ, ಅದನ್ನು ಹಿಂದೆಯೂ ಹಲವು ಸಲ ಹೇಳಿದ್ದೇನೆ ಎಂಬುದು ನನಗೆ ಅಲ್ಲಿಯೇ ಅರಿವಾಯಿತು.

ಮಾಧವ, ಆ ಆಲ್ಬಮ್ಮನ್ನು ನಾನು ಸರಿಯಾಗಿ ಕೇಳಿಯೇ ಇರಲಿಲ್ಲ. ನಾನು ಕೇಳಿದ್ದು ನಿನ್ನ ಕ್ಯಾಸೆಟ್ಟನ್ನು.

ನಿನಗೆ ಆ ದಿನ ನೆನಪಿದೆಯೋ ಇಲ್ಲವೋ. 1988ರ ಮೇ ತಿಂಗಳು, ಉಡುಪಿಯ ಕಡಿಯಾಳಿಯ ನಿಮ್ಮ ಮನೆ. ಮುಂಬಯಿಯ ಮಾಟುಂಗದ ಹೋಟೆಲಿನಿಂದ ನಿನ್ನ ದೊಡ್ಡಪ್ಪ ರೆಕಾರ್ಡ್ ಪ್ಲೇಯರನ್ನೂ ಒಂದು ಚೀಲ ರೆಕಾರ್ಡುಗಳನ್ನೂ ತಂದಿದ್ದರು, ವಾರ ಕಳೆದರೆ ವಾಪಸು ಒಯ್ಯುವವರಿದ್ದರು. ಅಷ್ಟರೊಳಗೆ ಅದನ್ನು ಅರುವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಇಳಿಸಬೇಕೆಂದು ನಾವಿಬ್ಬರೂ ಹಟ ಹಿಡಿದೆವು. ಜೋಡಿಸುವ ವಯರು ಇರಲಿಲ್ಲವಾದ್ದರಿಂದ ರೇಡಿಯೊ, ಕ್ಯಾಸೆಟ್ ಎರಡೂ ಇದ್ದ ಟೂ ಇನ್ ಒನ್ನನ್ನು ಸ್ಪೀಕರಿನ ಎದುರಿಗೇ ಮಣೆಯ ಮೇಲೆ ಇಟ್ಟೆವು. ಚಾವಡಿಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಅದನ್ನು ರೆಕಾರ್ಡ್ ಪ್ಲೇಯರು ಹಿಡಿದುಕೊಂಡಿದ್ದರಿಂದ ಟೂ ಇನ್ ಒನ್ನಿಗೆ ನಾಲ್ಕು ದಪ್ಪ ಸೆಲ್ಲು ಹಾಕಿದೆವು. ಎರಡು ನಿಮ್ಮ ಟಾರ್ಚಿನದ್ದು, ಎರಡು ನಾನು ಮನೆಯಿಂದ ತಂದದ್ದು. ನಾಲ್ಕೂ ಮುಗಿಯುತ್ತ ಬಂದಿದ್ದವು. ಅಂಗಳದಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತಲ್ಲ, ಅದರ ಒತ್ತಿನಲ್ಲೇ ಸೆಲ್ಲುಗಳನ್ನೂ ಸಾಲಾಗಿ ಬಿಸಿಲಿಗೆ ಇಟ್ಟು ಜೀವ ಬರಿಸಿದ್ದೆವು.

ರೆಕಾರ್ಡಿನ ಒಂದೊಂದು ಬದಿ ಇಪ್ಪತ್ತು ನಿಮಿಷದ ಸುಮಾರಿನದು. ಎರಡನೆಯ ಬದಿಯಲ್ಲಿ ದೇಸ್ ಶುರುವಾದ ಸ್ವಲ್ಪ ಹೊತ್ತಿಗೆ ಮಳೆ ಬಂತು, ಒಳಗಿನಿಂದ ನಿನ್ನ ಅಮ್ಮ ‘ಹಪ್ಪಳ, ಹಪ್ಪಳ’ ಎಂದು ಕೂಗಿದರು, ನಾವು ಎದ್ದು ಓಡಿದೆವು. ಆ ಕೂಗು, ನಮ್ಮ ಕಾಲಿನ ಸಪ್ಪಳ, ಆಮೇಲೆ ಹಂಚಿನ ಮೇಲೆ ಸುರಿವ ಮಳೆ ಎಲ್ಲವೂ ಕ್ಯಾಸೆಟ್ಟಿನಲ್ಲಿವೆ. ದೇಸ್ ಮಳೆಗಾಲದ ರಾಗ ಎಂದು ಮುಂದೆ ಯಾರೋ ಹೇಳಿದಾಗ, ಅದು ಗೊತ್ತಿರುವ ವಿಷಯವೇ ಅಲ್ಲವೇ, ರೆಕಾರ್ಡಿನಲ್ಲೇ ಮಳೆ ಹಾಕಿದ್ದಾರಲ್ಲ ಎಂದು ನಾನು ಒಳಗೊಳಗೇ ಅಂದುಕೊಂಡದ್ದುಂಟು. ಹಪ್ಪಳ ಎಂಬ ಕೂಗಿನ ಬಗ್ಗೆ ಮಾತ್ರ ನನಗೆ ಗೊಂದಲವಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಸಭೆ ಮುಗಿದ ಮೇಲೆ ಸುರತ್ಕಲ್ ಕಡೆಯ ಒಬ್ಬ ಹುಡುಗ, ಧ್ವನಿಮುದ್ರಣದ ಕೆಲಸ ಮಾಡುವವನು, ಆ ಹಳೆಯ ಕ್ಯಾಸೆಟ್ಟು ಇದ್ದರೆ ಕೊಡಿ ಸರ್, ಕಂಪ್ಯೂಟರಿಗೆ ಇಳಿಸಿ ಕೊಡುತ್ತೇನೆ ಎಂದ. ಕೊಟ್ಟೆ. ವಾರದ ಬಳಿಕ ಫೋನು ಮಾಡಿ, ಸರ್, ಇದರ ಶ್ರುತಿ ಏರುತ್ತ ಹೋಗುತ್ತದೆ, ಅಹೀರ್ ಭೈರವ ಹೆಚ್ಚು ಕಡಿಮೆ ಸರಿ ಇದೆ, ಪಹಾಡಿಯ ಹೊತ್ತಿಗೆ ಅರ್ಧ ಸ್ವರಕ್ಕೆ ಹತ್ತಿರ ಮೇಲಿದೆ ಎಂದ. ಕಾರಣ ಸರಳ. ಸೆಲ್ಲು ಇಳಿಯುತ್ತ ಹೋದಂತೆ ಮೋಟಾರು ನಿಧಾನವಾಗಿದೆ. ನಿಧಾನವಾಗಿ ಓಡುವ ಟೇಪಿನಲ್ಲಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಸ್ವರ ಮೇಲಕ್ಕೆ ಹೋಗುತ್ತದೆ, ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಅರ್ಧ ಸ್ವರ. ನನಗೆ ಸಮಾಧಾನವಾಗಲೆಂದು ಅವನೇ ಇನ್ನೊಂದು ಸಂಗತಿ ಹೇಳಿದ. ಜಾಝ್‌ನ ಮೈಲ್ಸ್ ಡೇವಿಸರ ‘ಕೈಂಡ್ ಆಫ್ ಬ್ಲೂ’ ಆಲ್ಬಂ ಇದೆಯಲ್ಲ, 1959ರಲ್ಲಿ ಬರಿಯ ಎರಡು ದಿನಗಳಲ್ಲಿ ಮುದ್ರಿಸಿದ್ದು. ಮೊದಲ ದಿನ ಮುಖ್ಯ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ ರೆಕಾರ್ಡಿನ ಮೊದಲ ಬದಿಯ ಮೂರೂ ರಚನೆಗಳು ಏರಿದ ಶ್ರುತಿಯಲ್ಲೇ ಜಗತ್ತಿಗೆ ಹೋದವು. ಅದೇ ದಿನ ಪಕ್ಕದಲ್ಲಿ ಸರಿಯಾಗಿ ಓಡಿದ್ದ ಇನ್ನೊಂದು ಯಂತ್ರದ ಟೇಪನ್ನು ಹಿಡಿದು ಅದನ್ನು ಸರಿಪಡಿಸಿದ್ದು 1992ರಲ್ಲಿ. ಮೂವತ್ತಮೂರು ವರ್ಷ ಆ ರೆಕಾರ್ಡಿನ ಜೊತೆ ಕೂಡಿ ನುಡಿಸಿ ಕಲಿಯಲು ಹೊರಟವರು, ತಮ್ಮ ಪಿಯಾನೊ ಯಾಕೆ ಹೊಂದುತ್ತಿಲ್ಲ ಎಂದು ಎಷ್ಟು ಬೇಸರಪಟ್ಟಿರಬಹುದು ನೋಡು.

ನಾನು ಬೇಸರಪಟ್ಟಿರಲಿಲ್ಲ, ಹೊಂದಿಸಿಕೊಂಡಿದ್ದೆ. ಆ ಪಹಾಡಿಯ ಶ್ರುತಿಗೆ ಸರಿಹೊಂದುವ ಬಾನ್ಸುರಿ ಯಾವ ಅಂಗಡಿಯಲ್ಲೂ ಸಿಗದೆ, ಇದ್ದುದನ್ನೇ ತುಟಿಯಿಂದ ಹೊರಕ್ಕೆ ಹೊರಳಿಸಿ, ಊದುವ ಬಿಗಿಯನ್ನು ಏರಿಸಿ, ಕ್ಯಾಸೆಟ್ಟಿನ ಮಟ್ಟಕ್ಕೆ ಎಳೆದು ನುಡಿಸುತ್ತಿದ್ದೆ. ಅದೇ ಅಭ್ಯಾಸವಾಯಿತು. ನನ್ನ ಕೊಳಲಿನಲ್ಲಿ ‘ಏನನ್ನೋ ತಲುಪಲು ಹಾತೊರೆಯುವ ಆರ್ತತೆ’ ಇದೆಯೆಂದು ಒಬ್ಬ ವಿಮರ್ಶಕರು ಬರೆದರು. ನಾನು ಆ ಕತ್ತರಿಕೆಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ. ಆರ್ತತೆ ಆ ನಾಲ್ಕು ಸೆಲ್ಲುಗಳದ್ದು.

ಇಷ್ಟೇ ಬರೆದು ನಿಲ್ಲಿಸಬೇಕೆಂದಿದ್ದೆ. ಇದು ಹೇಳಿ ನಗಬಹುದಾದ ಕತೆ. ಆದರೆ ಆ ಹುಡುಗ ಫೋನಿಡುವ ಮೊದಲು ಇನ್ನೊಂದು ಮಾತು ಕೇಳಿದ: ಸರ್, ಎರಡನೆಯ ಬದಿಯ ಕೊನೆಯಲ್ಲಿ ಯಾರೋ ಬುಲ್‌ಬುಲ್ ತರಂಗ ಬಾರಿಸುತ್ತಾರಲ್ಲ, ಅದು ನಿಮ್ಮ ಮೂರನೆಯ ರಚನೆಯಲ್ಲವೇ?

ರೆಕಾರ್ಡು ಮುಗಿದ ಮೇಲೆ ಟೇಪಿನಲ್ಲಿ ಹತ್ತು ನಿಮಿಷ ಉಳಿದಿತ್ತು. ಹಪ್ಪಳ ಒಳಗಿಟ್ಟು ಬಂದು, ತಲೆ ಒರೆಸಿಕೊಳ್ಳುತ್ತ, ನೀನು ಬುಲ್‌ಬುಲ್ ತರಂಗವನ್ನು, ಕೀಲಿ ಒತ್ತಿ ಬಾರಿಸುವ ಆ ತಂತಿವಾದ್ಯವನ್ನು, ಎಳೆದುಕೊಂಡು ಆಗಷ್ಟೇ ಕೇಳಿದ ಪಹಾಡಿಯನ್ನು ಹುಡುಕತೊಡಗಿದೆ. ಶುದ್ಧ ಧೈವತಕ್ಕೆ ಹೋದ ಬೆರಳು ಒಂದು ಮನೆ ಹಿಂದೆ, ಪಂಚಮದ ಪಕ್ಕದ ಕೀಲಿಯ ಮೇಲೆ ಬಿತ್ತು. ನೀನು ‘ಥತ್’ ಎಂದೆ. ಮರುಕ್ಷಣ ಅಡುಗೆಮನೆಯ ಬಾಗಿಲಿನಿಂದ ನಿನ್ನ ಅಮ್ಮ, ‘ಈಗ ಬಾರಿಸಿದ್ದನ್ನು ಇನ್ನೊಮ್ಮೆ ಬಾರಿಸು ಮಗಾ’ ಎಂದರು. ನೀನು ಮತ್ತೆ ಬಾರಿಸಿದೆ, ಈ ಸಲ ಬೇಕೆಂದೇ. ಅದಾದ ಮೇಲೆ ಟೇಪು ಮುಗಿಯುವ ತನಕ ನೀನು ಬಾರಿಸುವುದು ಅದೊಂದನ್ನೇ.

ಆ ಸ್ವರ ನನ್ನದಲ್ಲ, ಹರಿಪ್ರಸಾದರದ್ದೂ ಅಲ್ಲ. ನನ್ನ ಆಲ್ಬಂ ಬಂದಾಗ ಅದನ್ನು ನಿನಗೆ ಸಹಿ ಮಾಡಿ ಕೊಟ್ಟೆ. ನೀನು ಕೇಳಿ, ಮೂರನೆಯದು ಎಲ್ಲೋ ಕೇಳಿದ ಹಾಗಿದೆ ಮಾರಾಯ, ತುಂಬ ಚೆನ್ನಾಗಿದೆ ಎಂದೆ. ಪಹಾಡಿಯಲ್ಲವೇ, ಹಾಗೆ ಅನಿಸುತ್ತದೆ ಎಂದು ನಾನು ಉತ್ತರಿಸಿದೆ. ಅಲ್ಲಿಗಾದರೂ ಅದು ಕಳ್ಳತನ ಮಾತ್ರವಾಗಿತ್ತು. ಅಮ್ಮ ತೀರಿಕೊಂಡ ವರ್ಷ ನಿಮ್ಮ ಚಾವಡಿಯಲ್ಲಿ ನಾವಿಬ್ಬರೇ ಕುಳಿತಿದ್ದಾಗ ನೀನು, ಫೋಟೊಗಳು ಬೇಕಾದಷ್ಟಿವೆ, ಅವರ ದನಿ ಮಾತ್ರ ಎಲ್ಲಿಯೂ ಇಲ್ಲ ಎಂದೆ. ಕ್ಯಾಸೆಟ್ಟು ಆಗ ನನ್ನ ಮೇಜಿನ ಖಾನೆಯಲ್ಲಿತ್ತು. ಅವರ ದನಿಯನ್ನು ನಿನಗೆ ಕೊಡಬೇಕಾದರೆ ಅದರ ಬೆನ್ನಿಗಿರುವ ಸ್ವರವನ್ನೂ ಕೊಡಬೇಕು. ನಾನು ಕಾಫಿ ಕುಡಿದು ಎದ್ದು ಬಂದೆ.

ಹುಡುಗ ಸರಿಯಾದ ವೇಗಕ್ಕೆ ಇಳಿಸಿದ್ದನ್ನು ಮೊನ್ನೆ ರಾತ್ರಿ ಕೇಳಿದೆ. ಇಷ್ಟು ವರ್ಷ ನನ್ನ ಕಿವಿಯಲ್ಲಿದ್ದ ನಿನ್ನ ಅಮ್ಮನ ದನಿ ತೆಳ್ಳಗೆ, ಅವಸರದಲ್ಲಿತ್ತು; ಮುಗಿದ ಸೆಲ್ಲಿನ ದನಿ ಅದು. ವೇಗ ಇಳಿದ ಮೇಲೆ ಅದು ಕೆಳಗೆ ಬಂದು ಅವರ ದನಿಯೇ ಆಯಿತು, ಎಲೆಯ ಮುಂದೆ ನಿಂತು ‘ಇನ್ನೊಂದು ಸೌಟು’ ಎನ್ನುತ್ತಿದ್ದ ಅದೇ ದನಿ. ನಾನು ಎದ್ದು ದೀಪ ಹಾಕಿದೆ.

ಸಾಕು. ಇದನ್ನು ಇಷ್ಟು ಹೇಳುವ ಉದ್ದೇಶ ನನಗಿರಲಿಲ್ಲ. ಓದುವ ಮಹನೀಯರು ಈ ಭಾಗವನ್ನು ಸಾಹಿತ್ಯವೆಂದು ಭಾವಿಸಿ ಕ್ಷಮಿಸಬೇಕು. ವೇಗ ಸರಿಪಡಿಸಿದರೂ ನಿನ್ನ ಧೈವತ ಸರಿಯಾಗಲಿಲ್ಲ ಎಂಬುದು ನಿನ್ನ ಗಮನಕ್ಕೆ. ಆದರೂ ಒಂದು ಸಮಾಧಾನವಿದೆ: ಹಿಂದುಸ್ತಾನಿಯವರು ಕೋಮಲ ಎನ್ನುವ ಆ ಧೈವತವನ್ನೇ ನಮ್ಮ ಕರ್ನಾಟಕಿಯಲ್ಲಿ ಶುದ್ಧ ಧೈವತ ಎನ್ನುತ್ತಾರೆ. ಮೇಷ್ಟ್ರ ಲೆಕ್ಕದಲ್ಲಿ ನೀನು ತಪ್ಪಿದ್ದೇ ಇಲ್ಲ.

ಕ್ಯಾಸೆಟ್ಟನ್ನು ಕೊರಿಯರಿಗೆ ಹಾಕುವ ಧೈರ್ಯ ನನಗಿಲ್ಲ. ಭಾನುವಾರ ಬೆಳಗ್ಗೆ ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಾನೇ ತರುತ್ತೇನೆ, ಹುಡುಗ ಕೊಟ್ಟ ಪೆನ್‌ಡ್ರೈವನ್ನೂ ತರುತ್ತೇನೆ. ನೀನು ಮನೆಯಲ್ಲಿರು. ಸಿಟ್ಟಿದ್ದರೆ ಊಟದ ನಂತರ ತೀರಿಸಿಕೊಳ್ಳೋಣ, ಹದಿನಾಲ್ಕನೆಯ ಇಡ್ಲಿಯ ಸಂದರ್ಭದಲ್ಲಿ ಮಾಡಿದ ಹಾಗೆ. ಮುಂದಿನ ಮುದ್ರಣದಲ್ಲಿ ಮೂರನೆಯ ರಚನೆಗೆ ನಿನ್ನ ಹೆಸರು ಹಾಕಿಸುತ್ತೇನೆ. ಹಳೆಯ ಮುದ್ರಣದ ಇನ್ನೂರು ಪ್ರತಿಗಳು ನನ್ನ ಮಂಚದ ಕೆಳಗೇ ಇರುವುದರಿಂದ ಅದು ಯಾವಾಗ ಎಂದು ಮಾತ್ರ ಕೇಳಬೇಡ.

ಲೆಕ್ಕ ಚುಕ್ತಾ ಮಾಡುವಾಗ ಆ ನಾಲ್ಕರಲ್ಲಿ ಎರಡು ಸೆಲ್ಲು ನನ್ನದಾಗಿತ್ತು ಎಂಬುದನ್ನು ಮರೆಯಬೇಡ.

ನಿನ್ನ,
ಕೊಳಲಿನವನು