ಬ್ರೋಕರ್ ಸಿಟ್ಟಾಗ್ತಾರೆ ಅಂತ ಬರ್ದಿದ್ಯಲ್ಲ ಪುಟ್ಟಿ

ಪುಟ್ಟಿ,

ಫ್ಲಾಟು, ಲೋನು, ಅಳಿಯಂದ್ರ ಟ್ರಾನ್ಸ್‌ಫರ್, ಎಲ್ಲಾ ನಿಮ್ಮಮ್ಮ ಫೋನಲ್ಲಿ ಹೇಳಿದಾಳೆ, ಅದು ಬಿಡು. ಕೊನೇಲಿ ಒಂದು ಸಾಲು ಬರ್ದಿದೀಯಲ್ಲ, ಬ್ರೋಕರ್ ಕಮಿಷನ್ 2 ಪರ್ಸೆಂಟ್ ಜಾಸ್ತಿ ಅನ್ಸತ್ತೆ ದೊಡ್ಡಮ್ಮ ಆದ್ರೆ ಕಮ್ಮಿ ಮಾಡಿ ಅಂದ್ರೆ ಬ್ರೋಕರ್ ಸಿಟ್ಟಾಗಿ ಮನೇನ ಬೇರೆ ಪಾರ್ಟಿಗೆ ಕೊಡಿಸ್ಬಿಟ್ರೆ ಅಂತ, ಅದು ಓದಿದಾಗ್ಲಿಂದ ತಲೇಲೇ ಕೂತಿದೆ. 80 ಲಕ್ಷ ಕೊಡೋಳೂ ನೀನೇ, ಹೆದರ್ಕೊಂಡು ಕೂತಿರೋಳೂ ನೀನೇ.

ಸ್ವಲ್ಪ ಲೆಕ್ಕ ಹಾಕು. ನಿನ್ನ 2 ಪರ್ಸೆಂಟ್ ಅಂದ್ರೆ 1 ಲಕ್ಷ 60 ಸಾವಿರ. ಮಾರೋರ ಕಡೆಯಿಂದ್ಲೂ ಸಾಮಾನ್ಯವಾಗಿ ತಗೋತಾರೆ, ಕೇಳಿ ನೋಡು. ಎರಡೂ ಕಡೆ ಬರೋ ದುಡ್ಡು ಕಣ್ಮುಂದೆ ಇರುವಾಗ, ಲೋನ್ ಆಗಿ ರೆಡಿ ಇರೋ ನಿನ್ನನ್ನ ಕಳ್ಸಿ ಹೊಸ ಪಾರ್ಟಿ ಹುಡುಕ್ಕೊಂಡು ಹೋಗ್ತಾರಾ? ನಾಳೆ ಇನ್ನೊಬ್ರು ಟೋಕನ್ ಅಡ್ವಾನ್ಸ್ ಕೊಡ್ತಾರಂತೆ ಅಂತ ಅವ್ರು ಹೇಳ್ತಾರೆ, ಹೇಳ್ಲಿ ಬಿಡು, ಅದು ಎಲ್ರಿಗೂ ಹೇಳೋದೇ. ಬೆಂಗಳೂರಲ್ಲಿ ಇಂಥ ಸೆಕೆಂಡ್ ಹ್ಯಾಂಡ್ ಫ್ಲಾಟಿಗೆ 1ರಿಂದ 2 ಪರ್ಸೆಂಟ್ ಅನ್ನೋದು ವಾಡಿಕೆ ಅಷ್ಟೇ, ಸರ್ಕಾರ ಬರೆದಿಟ್ಟ ರೇಟಲ್ಲ. ಚೌಕಾಸಿ ಮಾಡಕ್ಕಾಗದೇ ಇರೋದು ಸ್ಟಾಂಪ್ ಡ್ಯೂಟಿ 5 ಪರ್ಸೆಂಟು, ಅದರ ಮೇಲಿನ ಸೆಸ್ಸು, ಆಮೇಲೆ ರಿಜಿಸ್ಟ್ರೇಷನ್ ಫೀಸು, 1 ಇದ್ದದ್ದು 2025ರ ಆಗಸ್ಟ್ ಕೊನೇಲಿ 2 ಮಾಡಿದ್ರಲ್ಲ. ಅಷ್ಟೆಲ್ಲಾ ತುಟಿ ಪಿಟಕ್ ಅನ್ನದೆ ಕಟ್ತೀಯ, ಕೇಳಬಹುದಾದ ಕಡೆ ಬಾಯಿ ಬರಲ್ಲ ಅಂತೀಯ.

ಹೀಗಂದ್ರೂ ನಿನ್ನ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಬ್ರೋಕರ್ ಮನಸ್ಸು ಮುರಿಯತ್ತೆ, ಆದ್ರೆ ಮೊದ್ಲೇ ಕೇಳಿದ್ದಕ್ಕಲ್ಲ. ನಾವು ಕುವೆಂಪುನಗರದ ಸೈಟ್ ಮಾರಿದ್ವಲ್ಲ, ಆಗ ಒಬ್ರು ವಯಸ್ಸಾದೋರು ಮೊಪೆಡ್ಡಲ್ಲಿ ಓಡಾಡಿ ಖಾತೆ, ಸೈಟ್ ಮೇಲೆ ಸಾಲಗೀಲ ಇದ್ಯಾ ಅಂತ ತೋರ್ಸೋ ಇಸಿ, ಕಂದಾಯದ ರಸೀದಿ ಎಲ್ಲಾ ಅವ್ರೇ ಮಾಡಿಸ್ಕೊಟ್ರು. ಕಮಿಷನ್ ಎಷ್ಟು ಅಂತ ನಿಮ್ಮ ದೊಡ್ಡಪ್ಪ ಮೊದ್ಲು ಕೇಳ್ಲೇ ಇಲ್ಲ, ಅವ್ರು 2 ಅಂದಾಗ ಆಯ್ತಾಯ್ತು ಅಂದ್ರು, ಸಂಕೋಚ, ನಿನ್ನ ಥರಾನೇ. ರಿಜಿಸ್ಟ್ರೇಷನ್ ಮುಗಿದು ಆಫೀಸಿಂದ ಹೊರಗೆ ಬಂದ್ಮೇಲೆ ಅರ್ಧ ಎಣಿಸಿ ಕೈಗಿಟ್ಟು ಇಷ್ಟೇ ಆಗೋದು ಅಂದ್ಬಿಟ್ರು. ಆ ಮನುಷ್ಯ ಜಗಳ ಆಡ್ಲಿಲ್ಲ, ನನ್ನ ಮುಖ ನೋಡಿದ್ರು. ನಾನು ಪರ್ಸ್ ಜಿಪ್ ಎಳೀತಾ ನಿಂತಿದ್ದೆ. ಆಮೇಲೆ ಮಾರ್ಕೆಟ್ಟಲ್ಲಿ ಅವ್ರು ಕಂಡ್ರೆ ನಾನೇ ಬೇರೆ ಸಾಲಿಗೆ ಹೋಗ್ತಿದ್ದೆ. ಒಂದು ಮಾತು ಆಡಬಹುದಿತ್ತು, ನಿಮ್ಮ ದೊಡ್ಡಪ್ಪನ ಎದುರು ಆಗಿನ ಕಾಲದಲ್ಲಿ... ಹೋಗ್ಲಿ.

ಅದಕ್ಕೇ ಹೇಳೋದು, ಟೋಕನ್ ಕೊಡೋ ಮುಂಚೆನೇ ಕೇಳು. ಸಿಟ್ಟಾಗೋದಿದ್ರೆ ಆಗ್ಲೇ ಆಗ್ಲಿ, ಏನೂ ಹೋಗಲ್ಲ. ಪರ್ಸೆಂಟ್ ಬದ್ಲು 80 ಸಾವಿರ ಅಂತ ಒಂದೇ ಮೊತ್ತ ಮಾತಾಡಿದ್ರೆ ಒಳ್ಳೇದೇನೋ, ಯಾಕಂದ್ರೆ ಪರ್ಸೆಂಟ್ ಇದ್ರೆ ರೇಟ್ ಏರಿದಷ್ಟೂ ಅವ್ರಿಗೆ ಲಾಭ, ನಿನಗೋಸ್ಕರ ಇಳಿಸೋಕೆ ಅವ್ರಿಗೇನು ಗರಜು. ಜಿಎಸ್‌ಟಿ ಸೇರಿಸಿನಾ ಬಿಟ್ಟಾ ಅಂತಾನೂ ಕೇಳ್ಬಿಡು, ಬಿಲ್ ಕೊಟ್ಟು 18 ಪರ್ಸೆಂಟ್ ಹಾಕಿದ್ರೆ ಇನ್ನೊಂದು 14,400 ಆಗತ್ತೆ. ಅರ್ಧ ಅಗ್ರಿಮೆಂಟ್ ದಿನ, ಅರ್ಧ ರಿಜಿಸ್ಟ್ರೇಷನ್ ದಿನ ಅಂತ ವಾಟ್ಸಾಪಲ್ಲಿ ಹಾಕಿ ಅವ್ರಿಂದ ಓಕೆ ಅನ್ನಿಸ್ಕೋ. ನಿನಗೆ ಇದೆಲ್ಲ ಗೊತ್ತೇ ಇರತ್ತೆ, ಆಫೀಸಲ್ಲಿ ಇಂಥವು ದಿನಾ ಮಾಡ್ತೀಯ, ನಾನು ಹಳೇ ಕಾಲದೋಳು.

ತೀರಾ ಹಿಂಡಕ್ಕೂ ಹೋಗ್ಬೇಡ ಮತ್ತೆ. 25 ಸಾವಿರ ತಗೊಳಿ ಅಂದ್ರೆ ಆಯ್ತಮ್ಮ ಅಂತಾರೆ, ಇ-ಖಾತಾದಲ್ಲಿ ಹೆಸರು ತಪ್ಪಿದ್ದಾಗ ಫೋನೇ ಎತ್ತಲ್ಲ. ಅವ್ರನ್ನ ಬಿಟ್ಟು ಹಿಂದಿನಿಂದ ಓನರ್ ಹತ್ರ ಹೋಗೋದಂತೂ ಬೇಡ್ವೇ ಬೇಡ, ಮನೆ ತೋರ್ಸಿದ್ದು ಅವ್ರು.

ಸಿಟ್ಟಾದ್ರೆ ಏನ್ಮಾಡ್ಲಿ ಅಂತ ಇನ್ನೂ ಅನ್ಸಿದ್ರೆ ಸ್ಪೀಕರ್ ಹಾಕು, ನಾನೇ ಮಾತಾಡ್ತೀನಿ. ಭಾನುವಾರ ಕೇಳಿದ್ಮೇಲೆ ಏನಂದ್ರು ಅಂತ ನನ್ನ ನಂಬರಿಗೇ ಹಾಕು, ಮನೆ ಗ್ರೂಪಲ್ಲಿ ಬೇಡ. ಮೊಪೆಡ್ಡಿನೋರ ವಿಷಯ ನಾನು ಬರ್ದೆ ಅಂತ ನಿಮ್ಮ ದೊಡ್ಡಪ್ಪಂಗೆ ಗೊತ್ತಾದ್ರೆ ಒಂದು ವಾರ ನನ್ನ ಜೊತೆ ಮಾತಿಲ್ಲ.

ದೊಡ್ಡಮ್ಮ